ಸಹಾಯ ಬೇಕು: ಹೆಸರು ಸವೆದಿರುವ ಪ್ಯಾರಮೌಂಟ್ ತಟ್ಟೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಮಿಲ್ವಾಕಿಯಲ್ಲಿ ನೆಲೆಸಿದ್ದು, ಇಲ್ಲಿನ ಹಳೆಯ ಮನೆಯೊಂದರ ಸಾಮಾನು ಮಾರಾಟದಲ್ಲಿ ಪ್ಯಾರಮೌಂಟ್ ಕಂಪನಿಯ ಅರಗಿನ ಗ್ರಾಮಫೋನ್ ತಟ್ಟೆಯೊಂದು ದೊರೆತಿದೆ. ಲೇಬಲ್ಲಿನಲ್ಲಿದ್ದ ಹೆಸರುಗಳು ಪೂರ್ತಿ ಸವೆದಿವೆ. ಆದರೆ ಲೇಬಲ್ಲಿನ ಪಕ್ಕ ತಟ್ಟೆಯಲ್ಲೇ ಮೂಡಿರುವ ಸಂಖ್ಯೆ ‘ಎಲ್’ ಅಕ್ಷರದಿಂದ ಆರಂಭವಾಗುವುದರಿಂದ, ಇದು ವಿಸ್ಕಾನ್ಸಿನ್ನಿನ ಗ್ರಾಫ್ಟನ್ ಸ್ಟುಡಿಯೋದಲ್ಲಿ 1929ರಿಂದ 1932ರ ನಡುವೆ ಧ್ವನಿಮುದ್ರಣಗೊಂಡದ್ದೆಂದು ತೋರುತ್ತದೆ. ಮುಂದಿನ ಅಂಕಿಗಳು ಗೀರುಗಳ ನಡುವೆ ಸ್ಪಷ್ಟವಾಗಿಲ್ಲ.

ಕುರ್ಚಿ ತಯಾರಿಸುವ ಕಂಪನಿಯೊಂದರ ಅಂಗವಾಗಿದ್ದ ಪ್ಯಾರಮೌಂಟ್, ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಮುಂತಾದ, ಕಪ್ಪು ಅಮೆರಿಕನ್ನರ ಬ್ಲೂಸ್ ಶೈಲಿಯ ಗಾಯಕರನ್ನು ಮಿಸಿಸಿಪ್ಪಿಯಿಂದ ಕರೆಸಿ ಇದೇ ಪುಟ್ಟ ಊರಿನಲ್ಲಿ ಹಾಡಿಸಿತು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಆ ತಟ್ಟೆಗಳು ಬಹಳ ಕಡಿಮೆ ಮಾರಾಟವಾದವು. 1930ರಲ್ಲಿ ಅಲ್ಲಿ ಹಾಡಿದ ಗೀಶಿ ವೈಲಿ ಅವರಂಥ ಅಪೂರ್ವ ಕಲಾವಿದೆಯ ದನಿ ನಮಗೆ ದಕ್ಕಿರುವುದು, ಸಂಗ್ರಾಹಕರು ಜೋಪಾನ ಮಾಡಿದ ಬೆರಳೆಣಿಕೆಯ ಪ್ರತಿಗಳಿಂದಲೇ. ಈ ತಟ್ಟೆಯಲ್ಲಿ ಹಾಡಿರುವವರು ಯಾರೇ ಆಗಿರಲಿ, ಅವರ ಹೆಸರು ಪತ್ತೆಯಾಗಲೇಬೇಕೆಂಬುದು ನನ್ನ ಆಸೆ.

ತಟ್ಟೆಯ ಅಂಚಿನಿಂದ ಒಳಕ್ಕೆ ಎರಡು ಬೆರಳಗಲದಷ್ಟು ಕೂದಲೆಳೆಯ ಬಿರುಕಿದೆ. ಅರಗು ಕರಗುವುದರಿಂದ ಸ್ಪಿರಿಟ್ ಸೋಕಿಸಿಲ್ಲ. ನಂತರದ ಕಾಲದ ಎಲ್‌ಪಿ (ವಿನೈಲ್) ತಟ್ಟೆಗಳ ಸಣ್ಣ ಮುಳ್ಳು ಇದರ ಅಗಲವಾದ ಗೆರೆಗಳಿಗೆ ಹೊಂದುವುದಿಲ್ಲವಾದ್ದರಿಂದ ನುಡಿಸಿಯೂ ಇಲ್ಲ. ಮಿಲ್ವಾಕಿ ಅಥವಾ ಶಿಕಾಗೋ ಸುತ್ತಮುತ್ತ ನಿಮಿಷಕ್ಕೆ 78 ಸುತ್ತಿನ ವೇಗದ ಟರ್ನ್‌ಟೇಬಲ್ ಹಾಗೂ ತಕ್ಕ ಮುಳ್ಳು ಇಟ್ಟುಕೊಂಡು, ಬಿರುಕು ಬಿಟ್ಟ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ಇಳಿಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ. ನುಡಿಸುವ ಮುನ್ನ ಬಿರುಕನ್ನು ಭದ್ರಪಡಿಸಬೇಕೇ ಎಂಬುದನ್ನೂ ಬಲ್ಲವರು ಹೇಳಬೇಕು. ಗ್ರಾಫ್ಟನ್ ಧ್ವನಿಮುದ್ರಣಗಳ ಪಟ್ಟಿ ನಿಮ್ಮಲ್ಲಿದ್ದರೆ, ಕಾಣುವಷ್ಟು ಅಂಕಿಗಳ ಚಿತ್ರ ಕಳುಹಿಸುತ್ತೇನೆ. ತಟ್ಟೆಯನ್ನು ನಾನೇ ತರುತ್ತೇನೆ, ಖರ್ಚೂ ನನ್ನದೇ.