ಚಗಳಿ ಚಟ್ನಿಗೆ ರೇಟು ಎಷ್ಟು?

ತೀರ್ಥಹಳ್ಳಿ ಹತ್ತಿರ ನಮ್ಮ ಮಂಜ ಹೋಂಸ್ಟೇ ನಡೆಸುತ್ತಾನೆ. ಮಾವಿನ ಮಿಡಿ ಕಾಲದ ಒಂದು ಸಂಜೆ ಅವನ ಜಗಲಿಯಲ್ಲಿ ನಾನು, ರಾಜಣ್ಣ, ಭಟ್ಟರು ಕೂತಿದ್ದೆವು.

"ನಾಳೆ ಬೆಂಗಳೂರಿಂದ ಆರು ಜನ ಬರ್ತಾರೆ. ಹುಳದ ಊಟ ಸಿಗುತ್ತಾ ಅಂತ ಕೇಳಿದ್ರು" ಅಂದ ಮಂಜ.

"ಹಾಸ್ಟೆಲ್ಲಲ್ಲಿ ಮೂರು ವರ್ಷ ಅದನ್ನೇ ಉಂಡಿದ್ದೇನೆ ಮಾರಾಯ. ಹುಳಕ್ಕೆ ಅಂತ ಯಾರೂ ಜಾಸ್ತಿ ದುಡ್ಡು ಕೇಳಲಿಲ್ಲ" ಅಂದೆ.

"ಚಗಳಿ ಚಟ್ನಿ ಮಾಡು" ಅಂದ ರಾಜಣ್ಣ. ಚಗಳಿ ಅಂದರೆ ಮರದ ಮೇಲೆ ಎಲೆಯ ಗೂಡು ಕಟ್ಟುವ ಕೆಂಪು ಇರುವೆ. "ಒಡಿಶಾದ ಮಯೂರ್‌ಭಂಜ್‌ನ ಇರುವೆ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಆ ಊರಿನದೇ ಅನ್ನೋ ಸರ್ಕಾರಿ ಮುದ್ರೆ, ಸಿಕ್ತು. ಇರುವೆ ಇದೇ. ನಾವು ಮಾತ್ರ ನೆಂಟರು ಬಂದರೆ ಬಟ್ಟಲು ಮುಚ್ಚಿಡ್ತೀವಿ."

ಭಟ್ಟರು ಮುಖ ಸಿಂಡರಿಸಿದರು. "ಎಂಥ ಸಾವು ಮಾರಾಯ್ರೆ, ಇರುವೆ ತಿನ್ನೋದಾ?"

"ಪಂಚಾಮೃತಕ್ಕೆ ಜೇನುತುಪ್ಪ ಹಾಕ್ತೀರಲ್ಲ ಭಟ್ರೆ, ಅದು ಯಾರ ಹೊಟ್ಟೆಯಿಂದ ಬಂದಿದ್ದು?"

ಭಟ್ಟರು ಎಲೆ ಅಡಿಕೆ ಹುಡುಕತೊಡಗಿದರು.

ಬೆಳಗ್ಗೆ ಮಾವಿನ ಮರದಿಂದ ಕೊಟ್ಟೆ ಇಳಿಸಿದ್ದಾಯ್ತು. ಆ ಗೂಡನ್ನು ಒಮ್ಮೆ ನೋಡಬೇಕು. ಇರುವೆಗಳು ತಮ್ಮ ಮರಿಯನ್ನೇ ಬಾಯಲ್ಲಿ ಕಚ್ಚಿಕೊಂಡು ಆಚೆ ಈಚೆ ಆಡಿಸುತ್ತವೆ. ಮರಿ ಬಿಡುವ ನೂಲಿನಲ್ಲಿ ಎಲೆಗೆ ಎಲೆ ಸೇರಿಸಿ ಹೊಲಿಯುತ್ತವೆ. ನಮ್ಮೂರ ಟೈಲರ್ ಕೂಡ ಇಷ್ಟು ಬಿಗಿಯಾಗಿ ಹೊಲಿದದ್ದು ನಾ ಕಾಣೆ. ಮಂಜ ಚೀಲದ ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಭಟ್ಟರ ಪಂಚೆಯೊಳಗೆ ಏನು ನಡೆಯಿತು ಅಂತ ಬರೆಯುವುದು ಬೇಡ. ಅವರು ಬಾವಿಕಟ್ಟೆಯ ಕಡೆ ಓಡಿದ್ದಷ್ಟೇ ನಾವು ಕಂಡಿದ್ದು.

ಉಳಿದ ಇರುವೆಗಳನ್ನು ಹುರಿದು, ಸೂಜಿ ಮೆಣಸು, ಬೆಳ್ಳುಳ್ಳಿ, ಕಾಯಿತುರಿ, ಉಪ್ಪು ಹಾಕಿ ರುಬ್ಬಿದೆವು. ಹುಣಸೆಹಣ್ಣು ಬೇಕಿಲ್ಲ. ಇರುವೆಯ ಮೈಯಲ್ಲೇ ಫಾರ್ಮಿಕ್ ಆಮ್ಲ ಇದೆ, ಹುಳಿ ಅದರದ್ದೇ. ಬಿಸಿ ಅಕ್ಕಿರೊಟ್ಟಿಗೆ ಹಚ್ಚಿ ತಿಂದರೆ ಕಿವಿ ಬೆಚ್ಚಗಾಗುತ್ತದೆ.

ಮಂಜನಿಗೆ ಬೇರೆಯದೇ ಚಿಂತೆ. "ರುಬ್ಬಿದ ಮೇಲೆ ಮಾಮೂಲಿ ಕಾಯಿಚಟ್ನಿ ಥರ ಕಾಣುತ್ತಲ್ಲೋ! ಪ್ಲೇಟಿಗೆ ಮುನ್ನೂರು ಅಂದ್ರೆ ಯಾರು ನಂಬ್ತಾರೆ?"

"ಮೇಲೆ ಮೂರು ಇಡೀ ಇರುವೆ ಉದುರಿಸು. ತಲೆಗೆ ನೂರು" ಅಂದೆ.

"ಸಿಗಡಿ ತಿಂದರೆ ಅಲರ್ಜಿ ಆಗೋರು ಇದ್ದಾರಾ ಅಂತ ಮೊದಲೇ ಕೇಳು. ಅಂಥವರಿಗೆ ಹುಳನೂ ಆಗದೇ ಇರಬಹುದು" ಅಂದ ರಾಜಣ್ಣ. ನಮ್ಮ ಪೈಕಿ ಉಪಯೋಗದ ಮಾತು ಆಡುವವನು ಅವನೊಬ್ಬನೇ.

ಬಂದವರು ಚಟ್ನಿ ನೆಕ್ಕಿ ನೆಕ್ಕಿ ತಿಂದರು. ತಿನ್ನುವ ಮುಂಚೆ ಕಾಲು ಗಂಟೆ ಫೋಟೋ ಹೊಡೆದರು. ಒಬ್ಬರಂತೂ ಇರುವೆಯನ್ನು ನಾಲಿಗೆ ಮೇಲಿಟ್ಟುಕೊಂಡು ವಿಡಿಯೋ ಮಾಡಿಸಿಕೊಂಡರು.

ಮರುದಿನ ಬೆಳಗ್ಗೆ ಅದೇ ಮನುಷ್ಯ ಮಂಜನನ್ನು ಕರೆದು ಲೋಟ ತೋರಿಸಿದರಂತೆ. "ಏನ್ರೀ ಇದು, ಕಾಫಿಯಲ್ಲಿ ಇರುವೆ ಬಿದ್ದಿದೆ. ಬೇರೆ ಕೊಡಿ."

ಮಂಜ ಬೇರೆ ಕಾಫಿ ಕೊಟ್ಟ. ಆಮೇಲೆ ನನಗೆ ಫೋನ್ ಮಾಡಿ ಮೆಲ್ಲಗೆ ಕೇಳಿದ: "ಆ ನೂರು ರೂಪಾಯಿ ಬಿಲ್ಲಿಗೆ ಸೇರಿಸಲಾ, ಬೇಡವಾ?"