ಸಹಾಯ ಬೇಕು: ಮಕ್ಕಳ ಜೊತೆ ಮನೆಯಲ್ಲಿ ಆಗಮನ ಕಾಲ (ಕ್ರಿಸ್ಮಸ್‌ಗೆ ಸಿದ್ಧವಾಗುವ ಸುಮಾರು ನಾಲ್ಕು ವಾರ) ಹೇಗೆ ಆಚರಿಸುತ್ತೀರಿ?

ಎಲ್ಲರಿಗೂ ವಂದನೆಗಳು. ನಾವು ಬೆಟಗೇರಿ ಕಡೆಯವರು, ಈಗ ಪುಣೆಯ ವಾನವಡಿಯಲ್ಲಿ ಇದ್ದೇವೆ. ಮಗಳಿಗೆ ಒಂಬತ್ತು, ಮಗನಿಗೆ ಆರು ವರ್ಷ. ಡಿಸೆಂಬರ್ ಬಂತೆಂದರೆ ಇಬ್ಬರ ಬಾಯಲ್ಲೂ ಸಾಂತಾ, ಗಿಫ್ಟ್, ಕ್ಯಾಂಪಿನ ಎಂ.ಜಿ. ರಸ್ತೆಯ ದೀಪಗಳು, ಅಷ್ಟೇ. ಅದೆಲ್ಲ ಬೇಡ ಅನ್ನುವವಳಲ್ಲ ನಾನು. ಕೇಕು, ನಕ್ಷತ್ರ, ಹೊಸ ಬಟ್ಟೆ ಎಲ್ಲ ಇರಲಿ. ಆದರೆ ದೇವರು ನಮಗಾಗಿ ಕೂಸಾಗಿ ಬಂದ ಎಂಬ ಮಾತು ಮನೆಯಲ್ಲಿ ಮೊದಲು ಕೇಳಿಸಬೇಕು, ಅಲ್ವಾ?

ಬೈಬಲ್‌ನ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರ ರಾತ್ರಿಗೆ ಮುಗಿಯುತ್ತದೆ. ಆದರೆ ಯೇಸು ಹುಟ್ಟಿದ ಕಥೆ 2ನೇ ಅಧ್ಯಾಯದಲ್ಲೇ ಬಂದುಬಿಡುತ್ತದೆ. ಕೊನೆಗೆ ಬರುವುದು ಶಿಲುಬೆ, ಪುನರುತ್ಥಾನ. ಚಿಕ್ಕವನಿಗೆ ಇದು ಜಾಸ್ತಿ ಆಗುತ್ತಾ? ಅಥವಾ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದು ಮೇಣದಬತ್ತಿ ಹಚ್ಚಿ, ಯೆಶಾಯ 9, ಮೀಕ 5, ಮತ್ತಾಯ 1, ಲೂಕ 1 ಇವುಗಳಿಂದ ಸ್ವಲ್ಪ ಸ್ವಲ್ಪ ಓದಿದರೆ ಸಾಕಾ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕೂಸಿನ ಗೊಂಬೆಯನ್ನು 24ರ ರಾತ್ರಿಯೇ ಇಟ್ಟು, ಕೂಸನ್ನು ನೋಡಲು ಬಂದ ಮೂಡಣ ದೇಶದ ಜೋಯಿಸರ ಗೊಂಬೆಗಳನ್ನು, ಅವರು ಬಂದದ್ದನ್ನು ನೆನೆಯುವ ಜನವರಿ 6ಕ್ಕೆ ಇಡುವ ಯೋಚನೆಯೂ ಇದೆ. ಹಾಗೆ ಮಾಡಿದವರು ಇದ್ದರೆ ಮಕ್ಕಳು ಹೇಗೆ ತಗೊಂಡರು, ಹೇಳಿ.

ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕನ್ನಡ ಕ್ರಿಸ್ಮಸ್ ಹಾಡುಗಳ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ. ಪುಣೆಯಲ್ಲಿ ಮನೆಮನೆಗೆ ಹೋಗಿ ಕನ್ನಡದಲ್ಲಿ ಕ್ಯಾರಲ್ ಹಾಡುವ ಗುಂಪಿದ್ದರೂ ತಿಳಿಸಿ, ನಾಲ್ವರೂ ಬರುತ್ತೇವೆ.