ಅಪರೂಪದ ಕರೆನ್ಸಿಗಳ ಹಳೇ ದರ: ಫಾರೆಕ್ಸ್ ಆಡಿಟರ್ ಮೇಡಂ ಉತ್ತರಿಸ್ತಾರೆ

ಅಡ್ಮಿನ್: ಇವತ್ತು ಸಂಜೆ ಮೇಡಂ ಗುಂಪಿನಲ್ಲಿ ಇರ್ತಾರೆ. ಹೆಚ್ಚು ವಹಿವಾಟಿಲ್ಲದ ಎರಡು ಕರೆನ್ಸಿಗಳ ನಡುವಿನ ಹಳೇ ದರದ ಬಗ್ಗೆ ಮಾತ್ರ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಅಂಕಿಪ್ರಿಯ: ನಮಸ್ತೆ ಮೇಡಂ. ನೇಪಾಳಿ ರೂಪಾಯಿಗೂ ಭೂತಾನಿನ ನ್ಗುಲ್ಟ್ರಮ್‌ಗೂ 20 ವರ್ಷದ ಚಾರ್ಟ್ ಎಲ್ಲಿ ಸಿಗುತ್ತೆ?

ಆಡಿಟರ್: ನಮಸ್ತೆ. ಚಾರ್ಟ್ ಬೇಕಾಗಿಲ್ಲ. ನೇಪಾಳ 1993ರಿಂದ ಭಾರತದ 1 ರೂಪಾಯಿಗೆ 1.60 ಅಂತ ದರ ಕಟ್ಟಿಹಾಕಿದೆ. ನ್ಗುಲ್ಟ್ರಮ್ ಭಾರತದ ರೂಪಾಯಿಗೆ ಸರಿಸಮ. ಅಂದರೆ 1.60, ನೇರ ಗೆರೆ.

ಅಂಕಿಪ್ರಿಯ: ಒಂದು ಸೈಟಿನಲ್ಲಿ 1.63 ಅಂತ ಇದೆಯಲ್ಲ?

ಆಡಿಟರ್: ಸೈಟು ಎರಡನ್ನೂ ಡಾಲರ್ ದರದಿಂದ ಭಾಗಿಸಿ ತೋರಿಸುತ್ತೆ. ಒಂದರ ಡಾಲರ್ ದರ ಬೆಳಗಿನದು, ಇನ್ನೊಂದರದ್ದು ಸಂಜೆಯದು ಆದರೆ ಹೀಗಾಗುತ್ತೆ. ಆ 1.63ಕ್ಕೆ ಯಾರೂ ಕೊಟ್ಟು ತಗೊಂಡಿರೋದಿಲ್ಲ.

ಹಳೇನೋಟು: ಮೇಡಂ, ನನ್ನ ಹತ್ರ ಟೋಂಗಾದ ಹಳೇ ನೋಟಿದೆ. ಈಗ ಎಷ್ಟು ಬರಬಹುದು?

ಥೀಸಿಸ್‌ಗಾಗಿ: ಮೇಡಂ, ಜಾಂಬಿಯಾ ಮತ್ತು ಮಲಾವಿ ನಡುವಿನ ವ್ಯಾಪಾರದ ಮೇಲೆ ಪ್ರಬಂಧ ಬರೀತಿದ್ದೇನೆ. ಎರಡೂ ದೇಶದ ಹಣಕ್ಕೆ ಕ್ವಾಚಾ ಅಂತಲೇ ಹೆಸರು. 2005ರಿಂದ 2015ರವರೆಗಿನ ದರ ಹಾಕಿದರೆ 2013ರ ಜನವರಿಯಲ್ಲಿ ಗೆರೆ ಪಾತಾಳಕ್ಕೆ ಬೀಳುತ್ತೆ. ಗೈಡ್ ಹೇಳಿದ ಹಾಗೆ ಮೂರು ವರ್ಷದ ಸರಾಸರಿ ತೆಗೆದು ಸ್ವಲ್ಪ ನಯ ಮಾಡಿದೆ. ಸರಿನಾ?

ಆಡಿಟರ್: ಸರಿ ಅಲ್ಲ. ಮೊದಲು ಆ ಸರಾಸರಿ ಅಳಿಸಿ. ಅದು ಆರ್ಥಿಕ ಕುಸಿತವೇ ಅಲ್ಲ. 2013ರ ಜನವರಿ 1ರಂದು ಜಾಂಬಿಯಾ ತನ್ನ ಕ್ವಾಚಾದ ಮೂರು ಸೊನ್ನೆ ತೆಗೆದು ಹಾಕಿತು. ಹಳೇ 1,000 ಕ್ವಾಚಾ, ಹೊಸ 1 ಕ್ವಾಚಾ. ಕರೆನ್ಸಿಯ ಮೂರಕ್ಷರದ ಕೋಡ್ ಕೂಡ ಝಡ್‌ಎಂಕೆ ಹೋಗಿ ಝಡ್‌ಎಂಡಬ್ಲ್ಯೂ ಆಯಿತು. ಆ ಹೊತ್ತಿಗೆ ಡಾಲರಿಗೆ ಸುಮಾರು 5,200 ಹಳೇ ಜಾಂಬಿಯಾ ಕ್ವಾಚಾ, ಸುಮಾರು 330 ಮಲಾವಿ ಕ್ವಾಚಾ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ 1 ಮಲಾವಿ ಕ್ವಾಚಾಗೆ 15.8. ಮಾರನೇ ದಿನ ಅದೇ 0.0158. ಸಂತೆಯಲ್ಲಿ ಯಾರ ಜೇಬೂ ಹಗುರ ಆಗಲಿಲ್ಲ. ನೀವು ಸರಾಸರಿ ತೆಗೆದಾಗ 15.8 ಮತ್ತು 0.0158 ಎರಡನ್ನೂ ಕೂಡಿಸಿದಿರಿ. ಹಾಗೆ ಬಂದ ಸಂಖ್ಯೆ ಯಾವ ದಿನದ್ದೂ ಅಲ್ಲ, ಯಾವ ದೇಶದ್ದೂ ಅಲ್ಲ. 2013ಕ್ಕಿಂತ ಹಿಂದಿನ ಜಾಂಬಿಯಾ ಅಂಕಿಗಳನ್ನೆಲ್ಲ 1,000ದಿಂದ ಭಾಗಿಸಿ, ಆಮೇಲೆ ಮಾತಾಡಿ.

ಹಾಗೆ ಮಾಡಿದ ಮೇಲೆ ನಿಮಗೆ ನಿಜವಾದ ಜಿಗಿತ ಕಾಣುತ್ತೆ. ಅದು 2012ರ ಮೇ 7. ಮಲಾವಿ ತನ್ನ ಹಣವನ್ನು ಡಾಲರಿಗೆ ಸುಮಾರು 167ರಿಂದ 250ಕ್ಕೆ ಇಳಿಸಿದ ದಿನ. ನಿಮ್ಮ ಪ್ರಬಂಧದ ಜೀವ ಇರೋದು ಅಲ್ಲಿ. ಅದನ್ನೇ ನೀವು ನಯ ಮಾಡಿ ಮುಚ್ಚಿಬಿಟ್ಟಿದ್ದೀರಿ. ಇಳಿಸೋ ಮುಂಚೆ ಅಲ್ಲಿ ವಿದೇಶಿ ವಿನಿಮಯದ ಕೊರತೆ ಜೋರಾಗಿತ್ತು. 167 ಅನ್ನೋದು ಕಾಗದದ ಮೇಲಿದ್ದ ದರ, ಆ ದರಕ್ಕೆ ಡಾಲರ್ ಸಿಗೋದೇ ಕಷ್ಟ. ಅದಕ್ಕೇ ಪ್ರತಿ ಅಂಕಿಯ ಪಕ್ಕ ಅದು ಅಧಿಕೃತವೋ, ಮಾರುಕಟ್ಟೆಯದ್ದೋ, ತಿಂಗಳ ಕೊನೆಯದ್ದೋ, ಸರಾಸರಿಯೋ ಅಂತ ಬರೆದಿಡಿ.

ಲೆಕ್ಕಿಗ: ಒಂದ್ನಿಮಿಷ. ಪತ್ರಿಕೆಗಳಲ್ಲಿ ಆಗ ಶೇ. 33 ಇಳಿಕೆ ಅಂತ ಬಂದಿತ್ತು. 167ರಿಂದ 250 ಅಂದ್ರೆ ಶೇ. 50 ಹತ್ರ ಆಗುತ್ತೆ.

ಅಂಕಿಪ್ರಿಯ: ಪತ್ರಿಕೆಯವರಿಗೆ ಲೆಕ್ಕ ಬರಲ್ಲ ಅಂತ ಹೇಳ್ತಿದ್ದೀರಾ?

ಲೆಕ್ಕಿಗ: ನಿಮಗೆ ಬರುತ್ತಾ? 83ನ್ನು 167ರಿಂದ ಭಾಗಿಸಿ ನೋಡಿ.

ಅಂಕಿಪ್ರಿಯ: ನಾನು 250ರಿಂದ ಭಾಗಿಸ್ತೀನಿ. ಏನೀಗ?

ಆಡಿಟರ್: ಇಬ್ಬರೂ ಸರಿ. ಡಾಲರ್ ಶೇ. 50ರಷ್ಟು ದುಬಾರಿ ಆಯಿತು, ಕ್ವಾಚಾ ಬೆಲೆ ಶೇ. 33ರಷ್ಟು ಇಳಿಯಿತು. 2023ರ ನವೆಂಬರ್‌ನಲ್ಲಿ ಮಲಾವಿ ಮತ್ತೆ 1,180ರಿಂದ 1,700ಕ್ಕೆ ಇಳಿಸಿದಾಗ ಸುದ್ದಿಯಾಗಿದ್ದು ಶೇ. 44. ಅದು ಮೊದಲನೇ ರೀತಿಯ ಲೆಕ್ಕ. 2012ರ ರೀತಿಯಲ್ಲಿ ಹೇಳಿದರೆ ಶೇ. 31 ಕೂಡ ಇಲ್ಲ. ಈ 33ನ್ನೂ ಆ 44ನ್ನೂ ಪಕ್ಕ ಪಕ್ಕ ಇಟ್ಟು ‘ಎರಡನೇ ಸಲ ಪೆಟ್ಟು ಜಾಸ್ತಿ’ ಅಂತ ಬರೆದವರ ಫೈಲುಗಳನ್ನು ನೋಡಿದ್ದೇನೆ. ಉಲ್ಟಾ ಅದು.

ಸಂಚಾರಿ: ಹಳೇ ದರಕ್ಕೆ ಯಾವ ಸೈಟ್ ನೋಡ್ಬೇಕು ಮೇಡಂ?

ಆಡಿಟರ್: ಆಯಾ ದೇಶದ ಕೇಂದ್ರ ಬ್ಯಾಂಕ್. ಇಲ್ಲದಿದ್ದರೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಅಂಕಿಅಂಶ.

ಕುತೂಹಲಿ: ಮೇಡಂ, ಮ್ಯಾನ್ಮಾರ್ ಕ್ಯಾಟ್ 2011ರಲ್ಲಿ ಡಾಲರಿಗೆ 6 ಅಂತ ಇದೆ. 2012ರಲ್ಲಿ 800 ದಾಟಿದೆ. ಇಲ್ಲೂ ಸೊನ್ನೆ ತೆಗೆದಿದ್ದಾರಾ?

ಆಡಿಟರ್: ಇಲ್ಲ. ಅಲ್ಲಿ ಎರಡು ದರ ಇದ್ದವು. ಐಎಂಎಫ್‌ನ ಎಸ್‌ಡಿಆರ್‌ಗೆ (ಕೆಲವು ದೊಡ್ಡ ಕರೆನ್ಸಿಗಳನ್ನು ಸೇರಿಸಿ ಮಾಡಿದ ಲೆಕ್ಕದ ಅಳತೆ) ಕಟ್ಟಿದ ಸರ್ಕಾರಿ ದರ 6ರ ಆಸುಪಾಸು, ಹೊರಗೆ ಸುಮಾರು 800. 2012ರ ಏಪ್ರಿಲ್ 1ರಂದು ಸರ್ಕಾರಿ ದರವನ್ನು 818ಕ್ಕೆ ತಂದರು. 6 ಹಿಡಿದು ಲಾವೋಸ್ ಕಿಪ್ ಜೊತೆ ಹೋಲಿಸಿದರೆ ಕ್ಯಾಟ್ ನೂರು ಪಟ್ಟು ದೊಡ್ಡದಾಗಿ ಕಾಣುತ್ತೆ. ಹೋಲಿಸಬೇಡಿ.

ಶುಭೋದಯ: *ಫಾರ್ವರ್ಡ್* ಇರಾಕ್ ದಿನಾರ್ ಹಿಂದೆ 3 ಡಾಲರ್ ಇತ್ತು!! ಕುವೈತ್ ತರಹ ಮತ್ತೆ ಏರಲಿದೆ!! ಈಗಲೇ ಕೊಂಡಿಟ್ಟವರು ಕೋಟ್ಯಧಿಪತಿ!! 10 ಜನರಿಗೆ ಕಳಿಸಿ!!

ಲೆಕ್ಕಿಗ: ಇದು ನಿಜವಾಗಿ ಆಗಬಹುದು. ಕುವೈತ್‌ನಲ್ಲಿ ಆಯ್ತಲ್ಲ.

ಆಡಿಟರ್: ಆಗಲ್ಲ. ಕುವೈತ್ ದಿನಾರ್ ಏರಲೇ ಇಲ್ಲ. 1991ರಲ್ಲಿ ಇರಾಕ್ ಸೇನೆ ಹೋದ ಮೇಲೆ ಹಳೇ ಮಟ್ಟಕ್ಕೆ ವಾಪಸ್ ಬಂತು, ಹೊಸ ನೋಟು ಬಂತು, ಹಳೇ ನೋಟು ರದ್ದಾಯಿತು. ಇರಾಕ್‌ನ 3 ಡಾಲರ್ ದರ ಸರ್ಕಾರಿ ದರ. 1990ರ ದಶಕದಲ್ಲಿ ಅದೇ ದರ ಕಾಗದದ ಮೇಲಿದ್ದಾಗ ಬೀದಿಯಲ್ಲಿ ಡಾಲರಿಗೆ ಸಾವಿರಗಟ್ಟಲೆ ದಿನಾರ್ ಕೊಡಬೇಕಿತ್ತು. 2020ರ ಡಿಸೆಂಬರ್‌ನಲ್ಲಿ ಸರ್ಕಾರವೇ ಡಾಲರಿಗೆ 1,450 ಅಂತ ಇಳಿಸಿತು, 2023ರಲ್ಲಿ 1,300 ಮಾಡಿತು. ಏರಿದ್ದು ಇಷ್ಟೇ. ನೋಟು ಮಾರೋರಿಗೆ ಲಾಭ, ಕೊಳ್ಳೋರಿಗೆ ಕಾಗದ. ಹಣ ಹಾಕಬೇಡಿ.

ಶುಭೋದಯ: ನಂಗೆ ಬಂದಿದ್ದು ಕಳಿಸಿದೆ ಅಷ್ಟೇ. ಇಷ್ಟು ಸಿಡುಕಬೇಕಾ?

ಲೆಕ್ಕಿಗ: ಮೇಡಂಗೆ ಮಾತ್ರ ಎಲ್ಲ ಗೊತ್ತು ಬಿಡಿ.

ಅಂಕಿಪ್ರಿಯ: ನಿಮಗಿಂತ ಜಾಸ್ತಿ ಗೊತ್ತು.

ಅಡ್ಮಿನ್: ಇಬ್ಬರೂ ಸುಮ್ನಿರಿ.

ಪ್ರವಾಸಪ್ರಿಯೆ: ಹಳೇ ದರ ನೋಡೋಕೆ ಒಳ್ಳೇ ಸೈಟ್ ಯಾವುದು?

ಆಡಿಟರ್: ಮೇಲೆ ಓದಿ.

ಥೀಸಿಸ್‌ಗಾಗಿ: ಮೇಡಂ, 1,000ದಿಂದ ಭಾಗಿಸಿದೆ, ಗೆರೆ ಸರಿಯಾಯ್ತು. 2012ರ ಮೇ ತಿಂಗಳಿಗೆ ಸರಾಸರಿ ಹಾಕ್ಲಾ?

ಆಡಿಟರ್: ಬೇಡ. ತಿಂಗಳ ಮೊದಲ ವಾರ ಒಂದು ದರ, ಉಳಿದಿದ್ದಕ್ಕೆ ಇನ್ನೊಂದು. ಮೇ 7ಕ್ಕೆ ಮುಂಚಿನ ಸರಕಿಗೆ ಹಳೇ ದರ, ಆಮೇಲಿನದಕ್ಕೆ ಹೊಸದು. ಬಿಲ್ಲಿನಲ್ಲಿ ತಾರೀಕು ಇಲ್ಲದ ಸರಕನ್ನು ಪಟ್ಟಿಯಿಂದ ಹೊರಗಿಟ್ಟು, ಹೊರಗಿಟ್ಟಿದ್ದೀನಿ ಅಂತ ಅಡಿಯಲ್ಲಿ ಬರೆಯಿರಿ.